ರೋಮ್‌ನ ದೊಡ್ಡ ಮನೆತನದ ಹೆಂಗಸರು: ಮದುವೆ, ಗುಲ್ಲು, ಮಾನ – ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಪ್ರಶ್ನೆಗಳು ಹೆಚ್ಚುಕಡಿಮೆ ಕ್ರಿ.ಪೂ. 200ರಿಂದ ಕ್ರಿ.ಶ. 100ರವರೆಗಿನ ರೋಮ್‌ಗೆ ಸೇರಿದವು. ಅದೂ ಸೆನೆಟರ್‌ಗಳ ಮನೆ, ಚಕ್ರವರ್ತಿಯ ಮನೆ, ಅಷ್ಟೇ. ಬಡವರ ಮನೆಯ ಹೆಂಗಸರ ಕಥೆ, ಗುಲಾಮ ಹೆಂಗಸರ ಕಥೆ ಬೇರೆಯೇ ಇದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಾಲದ ಯಾವ ಹೆಂಗಸಿನ ಬಗ್ಗೆ ಗುಲ್ಲು ಓದಿದರೂ, ಅವಳು ಏನು ಮಾಡಿದಳು ಅಂತ ಕೇಳುವ ಮುಂಚೆ ಅವಳ ಅಪ್ಪನಿಗೆ, ಅಣ್ಣನಿಗೆ, ಗಂಡನಿಗೆ ಆಗದವರು ಯಾರಿದ್ದರು ಅಂತ ನೋಡಿ. ಅರ್ಧ ಕಥೆ ಅಲ್ಲೇ ಸಿಗುತ್ತದೆ.

ಎಲ್ಲರ ಹೆಸರೂ ಜೂಲಿಯಾ, ಕ್ಲೋಡಿಯಾ, ಕಾರ್ನೀಲಿಯಾನೇ ಯಾಕೆ? ತಲೆ ಕೆಡುತ್ತೆ.

ಹೆಣ್ಣುಮಗುವಿಗೆ ಅಂತ ಬೇರೆ ಹೆಸರಿಡುವ ರೂಢಿ ಇರಲಿಲ್ಲ. ಮನೆತನದ ಹೆಸರನ್ನೇ ತಿರುಗಿಸಿ ಇಡುತ್ತಿದ್ದರು. ಜೂಲಿಯಸ್ ಮನೆಯವಳು ಜೂಲಿಯಾ, ಟುಲ್ಲಿಯಸ್ ಮನೆಯವಳು ಟುಲ್ಲಿಯಾ. ಇಬ್ಬರು ಹುಟ್ಟಿದರೆ ದೊಡ್ಡವಳು, ಚಿಕ್ಕವಳು ಅಂತ ಸೇರಿಸಿಕೊಳ್ಳುವುದು. ಮಾರ್ಕ್ ಆಂಟನಿಗೆ ಆಕ್ಟೇವಿಯಾಳಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಆಂಟೋನಿಯಾ. ಕೆಳಗೆ ಬರುವ ಕ್ಲೋಡಿಯಾಗೆ ಇಬ್ಬರು ಅಕ್ಕತಂಗಿಯರು, ಅವರೂ ಕ್ಲೋಡಿಯಾನೇ. ಮದುವೆಯಾದ ಮೇಲೂ ಹೆಸರು ಬದಲಾಗುತ್ತಿರಲಿಲ್ಲ. ಹಾಗಾಗಿ ಒಬ್ಬಳ ಮೇಲೆ ಅಪವಾದ ಬಂದರೆ ಮೊದಲು ಕೆಡುತ್ತಿದ್ದದ್ದು ತವರಿನ ಹೆಸರೇ.

ಮದುವೆ ಯಾರು ಗೊತ್ತುಮಾಡುತ್ತಿದ್ದರು? ಹುಡುಗಿಯನ್ನು ಕೇಳುತ್ತಿದ್ದರಾ?

ಅಪ್ಪ. ಕಾನೂನಿನ ಪ್ರಕಾರ ಹುಡುಗಿಯ ಒಪ್ಪಿಗೆಯೂ ಬೇಕಿತ್ತು. ಆದರೆ ಅಪ್ಪ ತೋರಿಸಿದ ಗಂಡಿಗೆ ಅವಳು ಸುಮ್ಮನಿದ್ದರೂ ಅದು ಒಪ್ಪಿಗೆಯೇ. ಕನಿಷ್ಠ ವಯಸ್ಸು 12. ದೊಡ್ಡ ಮನೆಗಳಲ್ಲಿ ಹುಡುಗಿಯರಿಗೆ ಹದಿನೈದು ಹದಿನಾರರ ಹೊತ್ತಿಗೆ ಮದುವೆ ಆಗಿಬಿಟ್ಟಿರುತ್ತಿತ್ತು.

ಎರಡು ಮನೆ ಬೀಗರಾದರೆ ಎರಡು ಮನೆಯ ವೋಟು, ಸಾಲ, ಸ್ನೇಹ ಎಲ್ಲ ಒಂದಾಗುತ್ತಿತ್ತು. ಕ್ರಿ.ಪೂ. 59ರಲ್ಲಿ ಜೂಲಿಯಸ್ ಸೀಸರ್‌ಗೆ ದೊಡ್ಡ ದಂಡನಾಯಕ ಪಾಂಪೆಯ ಬೆಂಬಲ ಬೇಕಾಯಿತು. ಮಗಳು ಜೂಲಿಯಾಗೆ ಬೇರೆ ಕಡೆ ಗೊತ್ತಾಗಿ, ಮದುವೆಗೆ ಇನ್ನೇನು ಕೆಲವೇ ದಿನ ಬಾಕಿ ಇತ್ತು. ಅದನ್ನು ಮುರಿದು ಪಾಂಪೆಗೆ ಕೊಟ್ಟ. ಅಳಿಯ ಮಾವನಿಗಿಂತ 6 ವರ್ಷ ದೊಡ್ಡವನು! ವಿಚಿತ್ರ ಅಂದರೆ ಆ ಜೋಡಿ ಚೆನ್ನಾಗೇ ಇತ್ತಂತೆ, ಪಾಂಪೆ ಹೆಂಡತಿಯ ಸೆರಗು ಹಿಡಿದುಕೊಂಡು ಕೂತಿದ್ದಾನೆ ಅಂತ ಜನ ಆಡಿಕೊಳ್ಳುವಷ್ಟು. ಕ್ರಿ.ಪೂ. 54ರಲ್ಲಿ ಅವಳು ಹೆರಿಗೆಯಲ್ಲಿ ಸತ್ತಳು. ಆಮೇಲೆ ಮಾವ ಅಳಿಯ ಇಬ್ಬರೂ ಅಂತರ್ಯುದ್ಧಕ್ಕೇ ಇಳಿದರು.

ಎಲ್ಲ ಅಪ್ಪಂದಿರ ಮಾತೂ ನಡೆಯುತ್ತಿರಲಿಲ್ಲ ಅನ್ನಿ. ಭಾಷಣಕಾರ ಸಿಸೆರೊ ಕ್ರಿ.ಪೂ. 50ರ ಸುಮಾರಿಗೆ ದೂರದ ಸಿಲಿಸಿಯಾದಲ್ಲಿ ಗವರ್ನರ್ ಆಗಿದ್ದಾಗ, ಇಲ್ಲಿ ಹೆಂಡತಿ ಟೆರೆನ್ಷಿಯಾ ಮತ್ತು ಮಗಳು ಟುಲ್ಲಿಯಾ ಸೇರಿ ಡೋಲಬೆಲ್ಲ ಅನ್ನುವವನ ಜೊತೆ ಮದುವೆ ಗೊತ್ತುಮಾಡಿಬಿಟ್ಟರು. ಟುಲ್ಲಿಯಾಗೆ ಅದು ಮೂರನೇ ಮದುವೆ. ಅಪ್ಪನಿಗೆ ಸುದ್ದಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಸಿಸೆರೊ ಅಲ್ಲಿ ಕೂತು ಬೇರೆ ವರನ ಬಗ್ಗೆ ಯೋಚನೆ ಮಾಡುತ್ತಿದ್ದ, ಪಾಪ.

ತಾಳಿ, ಧಾರೆ ತರಹದ್ದು ಏನಾದರೂ ಇತ್ತಾ?

ಉರಿಯುವ ಬೆಂಕಿಯ ಬಣ್ಣದ ಮುಸುಕು, ಸೊಂಟಕ್ಕೆ ವಿಶೇಷ ಗಂಟು, ಈಟಿಯ ಮೊನೆಯಿಂದ ತೆಗೆದ ಬೈತಲೆ, ಪಂಜು ಹಿಡಿದ ಮೆರವಣಿಗೆ, ಹೊಸ್ತಿಲು ದಾಟಿಸಲು ಹುಡುಗಿಯನ್ನು ಎತ್ತಿಕೊಳ್ಳುವುದು, ಇವೆಲ್ಲ ಇತ್ತು. ಆದರೆ ಇವು ಯಾವುದೂ ಇಲ್ಲದೆಯೂ ಮದುವೆ ಮದುವೆಯೇ. ಇಬ್ಬರೂ ಗಂಡಹೆಂಡತಿಯಾಗಿ ಬಾಳಲು ಒಪ್ಪಿದರೆ ಸಾಕಿತ್ತು. ಯಾವ ಕಚೇರಿಯಲ್ಲೂ ನೋಂದಣಿ ಇಲ್ಲ.

ವರದಕ್ಷಿಣೆ ಇತ್ತಾ?

ಇತ್ತು, ಜೋರಾಗೇ ಇತ್ತು. ಮೂರು ವರ್ಷ ಮೂರು ಕಂತಿನಲ್ಲಿ ಕೊಡುವುದು ರೂಢಿ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಮದುವೆ ಮುರಿದರೆ ವರದಕ್ಷಿಣೆ ವಾಪಸ್ ಕೊಡಬೇಕು. ಹೆಂಡತಿಯ ನಡತೆ ಕೆಟ್ಟಿತ್ತು ಅಂತ ಸಾಬೀತಾದರೆ ಗಂಡ ಆರರಲ್ಲಿ ಒಂದು ಪಾಲು ಇಟ್ಟುಕೊಳ್ಳಬಹುದು. ತಪ್ಪು ಹೆಂಡತಿಯ ಕಡೆಯದಾದರೆ ಮಕ್ಕಳ ಲೆಕ್ಕದಲ್ಲಿ ಮಗುವಿಗೆ ಆರನೇ ಒಂದರಂತೆ, ಹೆಚ್ಚೆಂದರೆ ಅರ್ಧದವರೆಗೂ ಹಿಡಿಯಬಹುದು. ಹಾದರದ ಆರೋಪಕ್ಕೆ ಹಣದ ಲೆಕ್ಕವೂ ಅಂಟಿಕೊಂಡಿತ್ತು ಅನ್ನುವುದು ಇದಕ್ಕೇ.

ಸಿಸೆರೊನ ಪತ್ರಗಳಲ್ಲಿ ಈ ಒದ್ದಾಟ ಚೆನ್ನಾಗಿ ಕಾಣುತ್ತದೆ. ಅಳಿಯ ಡೋಲಬೆಲ್ಲ ದುಂದುಗಾರ, ಮೇಲಾಗಿ ಹೆಂಗಸರ ಚಪಲ. ಮಗಳ ಸಂಸಾರ ಕೆಟ್ಟಿದೆ ಅಂತ ಗೊತ್ತಿದ್ದರೂ ಮುಂದಿನ ಕಂತು ಕಟ್ಟಬೇಕಾ ಬೇಡವಾ ಅಂತ ಗೆಳೆಯ ಅಟಿಕಸ್‌ಗೆ ಪತ್ರದ ಮೇಲೆ ಪತ್ರ. ಮದುವೆ ಮುರಿದ ಮೇಲೆ ಕೊಟ್ಟ ದುಡ್ಡು ವಾಪಸ್ ತರುವ ಪಾಡು. ಅದೇ ಹೊತ್ತಿಗೆ ಮೂವತ್ತು ವರ್ಷಕ್ಕೂ ಜಾಸ್ತಿ ಬಾಳಿದ ಟೆರೆನ್ಷಿಯಾಳನ್ನು ತಾನೇ ಬಿಟ್ಟಿದ್ದರಿಂದ, ಅವಳ ದುಡ್ಡನ್ನೂ ತಾನು ವಾಪಸ್ ಕೊಡಬೇಕು. ಆಮೇಲೆ ತನ್ನ ರಕ್ಷಣೆಯಲ್ಲಿದ್ದ ಚಿಕ್ಕ ಹುಡುಗಿ ಪಬ್ಲೀಲಿಯಾಳನ್ನು ಮದುವೆಯಾದ. ಅವಳ ಆಸ್ತಿಗೆ ಆಸೆಪಟ್ಟ ಅಂತ ಜನ ಆಡಿಕೊಂಡರು. ಆ ಮದುವೆಯೂ ಬೇಗ ಮುರಿಯಿತು.

ಹೆಂಗಸೇ ವಿಚ್ಛೇದನ ಕೊಡಬಹುದಿತ್ತಾ?

ಕೊಡಬಹುದಿತ್ತು. ಹಳೆಯ ಬಗೆಯ ಮದುವೆಯಲ್ಲಿ ಹೆಣ್ಣು ಗಂಡನ ಕೈವಶವಾಗುತ್ತಿದ್ದಳು, ಅವಳ ಆಸ್ತಿಯೂ ಅವನದೇ. ಸಿಸೆರೊನ ಕಾಲಕ್ಕೆ ಆ ಬಗೆ ಅಪರೂಪವಾಗಿತ್ತು. ಹೊಸ ಬಗೆಯಲ್ಲಿ ಅವಳು ತವರಿನವಳಾಗಿಯೇ ಉಳಿಯುತ್ತಾಳೆ. ಅಪ್ಪ ಸತ್ತರೆ, ಉಯಿಲು ಇಲ್ಲದಿದ್ದರೆ, ಅಣ್ಣತಮ್ಮಂದಿರ ಜೊತೆ ಸಮಪಾಲು. ಅವಳ ಆಸ್ತಿ ಬೇರೆ, ಗಂಡನ ಆಸ್ತಿ ಬೇರೆ. ಬೇಡ ಅನ್ನಿಸಿದರೆ ಹೇಳಿಕಳಿಸಿ ಎದ್ದುಹೋದರಾಯಿತು. ಮಕ್ಕಳು ಮಾತ್ರ ಅಪ್ಪನಿಗೆ. ಎಷ್ಟೋ ತಾಯಂದಿರು ಕೆಟ್ಟ ಮದುವೆಯಲ್ಲಿ ಉಳಿದದ್ದು ಇದೊಂದೇ ಕಾರಣಕ್ಕೆ ಇರಬೇಕು ಅಂತ ನನ್ನ ಊಹೆ.

ಮದುವೆ ಎಷ್ಟು ಸಲೀಸಾಗಿ ಕೈ ಬದಲಾಯಿಸುತ್ತಿತ್ತು ಅನ್ನುವುದಕ್ಕೆ ಮಾರ್ಸಿಯಾಳ ಕಥೆ ಕೇಳಿ. ಅವಳ ಗಂಡ ಕೇಟೊ, ರೋಮ್‌ನಲ್ಲೇ ನೀತಿವಂತ ಅಂತ ಹೆಸರಾದವನು. ಮುದುಕ ಹಾರ್ಟೆನ್ಸಿಯಸ್ ಬಂದು ಮೊದಲು ಕೇಟೊನ ಮಗಳನ್ನು ಕೇಳಿದ. ಅವಳಿಗೆ ಆಗಲೇ ಮದುವೆ ಆಗಿತ್ತು! ಆಗಲ್ಲ ಅಂದಾಗ ಹೆಂಡತಿಯನ್ನೇ ಕೇಳಿದ. ಕೇಟೊ ಮಾವನ ಒಪ್ಪಿಗೆ ತೆಗೆದುಕೊಂಡು ಮಾರ್ಸಿಯಾಳನ್ನು ಬಿಟ್ಟುಕೊಟ್ಟ. ಕ್ರಿ.ಪೂ. 50ರಲ್ಲಿ ಹಾರ್ಟೆನ್ಸಿಯಸ್ ಸತ್ತ, ಅವಳಿಗೆ ಭರ್ತಿ ಆಸ್ತಿ ಬಂತು, ಕೇಟೊ ಮತ್ತೆ ಅವಳನ್ನೇ ಮದುವೆಯಾದ. ಬಡವಳಾಗಿ ಕಳಿಸಿ ಸಾಹುಕಾರ್ತಿಯಾಗಿ ವಾಪಸ್ ತಂದ ಅಂತ ಸೀಸರ್ ಚುಚ್ಚಿದ. ಮಾವನನ್ನು ಕೇಳಿದ್ದು ದಾಖಲಾಗಿದೆ. ಮಾರ್ಸಿಯಾ ಏನಂದಳು ಅಂತ ಒಂದು ಸಾಲೂ ಇಲ್ಲ.

ಹಾಗಾದರೆ ಮರುಮದುವೆ ಆದವಳಿಗೆ ಕಳಂಕ ಇರಲಿಲ್ಲವಾ?

ಬಾಯಲ್ಲಿ ಹೊಗಳುತ್ತಿದ್ದದ್ದು ಒಬ್ಬನೇ ಗಂಡನ ಜೊತೆ ಬಾಳಿದವಳನ್ನು. ನಡೆಯುತ್ತಿದ್ದದ್ದು ಎರಡು, ಮೂರು ಮದುವೆ. ಬಡವರಿಗೆ ಭೂಮಿ ಹಂಚಲು ಹೋರಾಡಿದ ಗ್ರಾಕಸ್ ಸೋದರರ ತಾಯಿ ಕಾರ್ನೀಲಿಯಾ 12 ಮಕ್ಕಳನ್ನು ಹೆತ್ತಳು, ಉಳಿದದ್ದು ಮೂವರು. ಗಂಡ ಸತ್ತ ಮೇಲೆ ಈಜಿಪ್ಟಿನ ರಾಜನೇ ಕೇಳಿದರೂ ಒಲ್ಲೆ ಅಂದಳಂತೆ. ಅವಳ ಪ್ರತಿಮೆಯನ್ನೇ ನಿಲ್ಲಿಸಿದರು.

ಇನ್ನೊಂದು ಕಲ್ಲಿನ ಶಾಸನ ಇದೆ, ಒಬ್ಬ ಗಂಡ ಸತ್ತ ಹೆಂಡತಿಗೆ ಬರೆಸಿದ್ದು. 41 ವರ್ಷದ ಸಂಸಾರ. ಇಷ್ಟು ಕಾಲ ಬಾಳಿ, ಡೈವೋರ್ಸ್‌ನಿಂದಲ್ಲದೆ ಸಾವಿನಿಂದ ಮುಗಿಯುವ ಮದುವೆ ಅಪರೂಪ ಅಂತ ಅವನೇ ಹೇಳುತ್ತಾನೆ. ಮಕ್ಕಳಾಗಲಿಲ್ಲ. ನಾನು ಬಿಟ್ಟುಹೋಗುತ್ತೇನೆ, ನಿನಗೆ ಬೇರೆ ಹೆಣ್ಣನ್ನು ನಾನೇ ನೋಡುತ್ತೇನೆ, ಹುಟ್ಟುವ ಮಕ್ಕಳನ್ನು ನನ್ನವೇ ಅಂದುಕೊಳ್ಳುತ್ತೇನೆ ಅಂತ ಅವಳು ಹೇಳಿದ್ದಳು. ಅದನ್ನು ಕೇಳಿ ತನಗೆ ತಡೆಯಲಾರದ ಸಿಟ್ಟು ಬಂತು ಅಂತ ಕಲ್ಲಿನ ಮೇಲೇ ಕೆತ್ತಿಸಿದ್ದಾನೆ. ಇಡೀ ರೋಮ್‌ನ ಇತಿಹಾಸದಲ್ಲಿ ನನಗೆ ಇಷ್ಟವಾದ ಗಂಡ ಇವನೇ.

"ಒಳ್ಳೆಯ ಹೆಂಗಸು" ಅನ್ನಿಸಿಕೊಳ್ಳಲು ಏನು ಮಾಡಬೇಕಿತ್ತು?

ಮನೆ ನೋಡಿಕೊಂಡು ಉಣ್ಣೆ ನೂಲಬೇಕು, ಅಷ್ಟೇ. ಸಮಾಧಿ ಶಾಸನಗಳಲ್ಲಿ ಇದೇ ಹೊಗಳಿಕೆ. ಹತ್ತಾರು ಗುಲಾಮರು ಇರುವ ಮನೆಯಲ್ಲೂ ಉಣ್ಣೆಯ ಬುಟ್ಟಿ ಕಣ್ಣಿಗೆ ಬೀಳುವ ಹಾಗೆ ಇರಬೇಕು. ಚಕ್ರವರ್ತಿ ಅಗಸ್ಟಸ್ ತನ್ನ ಮನೆಯ ಹೆಂಗಸರು ನೇಯ್ದ ಬಟ್ಟೆಯನ್ನೇ ಉಡುತ್ತೇನೆ ಅಂತ ತೋರಿಸಿಕೊಳ್ಳುತ್ತಿದ್ದ.

ಹಳೆಯ ಕಥೆಗಳಲ್ಲಿ ಇನ್ನೂ ಕಟ್ಟುನಿಟ್ಟು. ಹೆಂಗಸು ದ್ರಾಕ್ಷಾರಸ ಕುಡಿಯುವ ಹಾಗಿಲ್ಲ, ಕುಡಿದಿದ್ದಾಳಾ ಅಂತ ತಿಳಿಯಲು ನೆಂಟರು ಮುತ್ತು ಕೊಟ್ಟು ಮೂಸುತ್ತಿದ್ದರಂತೆ. ಸುಲ್ಪೀಶಿಯಸ್ ಗ್ಯಾಲಸ್ ಅನ್ನುವವನು ಹೆಂಡತಿ ತಲೆ ಮುಚ್ಚಿಕೊಳ್ಳದೆ ಹೊರಗೆ ಹೋದಳು ಅಂತ ಬಿಟ್ಟುಬಿಟ್ಟ. ಇಂಥವನ್ನು ಆಮೇಲಿನ ಕಾಲದವರು, ಆಹಾ ಆಗಿನ ಹೆಂಗಸರು ಹೇಗಿದ್ದರು ನೋಡಿ ಅಂತ ಬುದ್ಧಿ ಹೇಳಲು ಬರೆದಿಟ್ಟದ್ದು. ಪೂರ್ತಿ ನಂಬಬೇಡಿ.

ಕಲಿತವಳಾಗಿದ್ದರೆ ತೊಂದರೆ ಇಲ್ಲ, ಆದರೆ ಅದೂ ಅಳತೆಯಲ್ಲಿರಬೇಕು. ಸೆಂಪ್ರೋನಿಯಾ ಅನ್ನುವವಳ ಬಗ್ಗೆ ಒಬ್ಬ ಇತಿಹಾಸಕಾರ ಬರೆದದ್ದು ನೋಡಿ: ಮಾನವಂತ ಹೆಂಗಸಿಗೆ ಎಷ್ಟು ಬೇಕೋ ಅದಕ್ಕಿಂತ ಚೆನ್ನಾಗಿ ಕುಣಿಯುತ್ತಿದ್ದಳು, ವೀಣೆಯಂಥ ವಾದ್ಯ ನುಡಿಸುತ್ತಿದ್ದಳು. "ಅದಕ್ಕಿಂತ ಚೆನ್ನಾಗಿ" ಅಂತೆ!

"ಸೀಸರನ ಹೆಂಡತಿ ಅನುಮಾನಕ್ಕೂ ಎಡೆಕೊಡಬಾರದು" ಅನ್ನುವ ಮಾತು ಎಲ್ಲಿಂದ ಬಂತು?

ಕ್ರಿ.ಪೂ. 62ರ ಡಿಸೆಂಬರ್. ಬೋನಾ ಡಿಯಾ ಅನ್ನುವ ದೇವಿಯ ರಾತ್ರಿ ಪೂಜೆ ಸೀಸರನ ಮನೆಯಲ್ಲಿ. ಇದು ಹೆಂಗಸರ ಪೂಜೆ. ಗಂಡಸರು ಮನೆಯಲ್ಲೇ ಇರುವ ಹಾಗಿಲ್ಲ. ಸೀಸರನ ಹೆಂಡತಿ ಪಾಂಪೇಯಾ, ತಾಯಿ ಆರೇಲಿಯಾ ಯಜಮಾನಿಕೆ ವಹಿಸಿದ್ದರು. ಕ್ಲೋಡಿಯಸ್ ಅನ್ನುವ ದೊಡ್ಡ ಮನೆಯ ಪುಂಡ ಹೆಣ್ಣುವೇಷ ಹಾಕಿ, ವಾದ್ಯ ನುಡಿಸುವ ಹುಡುಗಿಯ ಹಾಗೆ ಒಳಗೆ ಬಂದ. ಪಾಂಪೇಯಾಳ ಮೇಲೆ ಕಣ್ಣಿತ್ತು ಅಂತ ಜನರ ಮಾತು. ಒಳಗೆ ಬಿಟ್ಟ ಕೆಲಸದವಳು ಯಜಮಾನಿಯನ್ನು ಕರೆಯಲು ಹೋದಳು, ಇವನು ದೊಡ್ಡ ಮನೆಯ ಕತ್ತಲಲ್ಲಿ ದಾರಿ ತಪ್ಪಿ ಅಲೆದಾಡಿದ. ಆರೇಲಿಯಾಳ ಕಡೆಯ ಹುಡುಗಿಯೊಬ್ಬಳು ಬಂದು, ಯಾರೇ ನೀನು, ಬಾ ಆಟಕ್ಕೆ ಅಂದಳು. ಇವನು ಬಾಯಿ ಬಿಟ್ಟ, ದನಿ ಗಂಡಸಿನದು. ಅವಳು ಚೀರಿಕೊಂಡು ದೀಪವಿದ್ದ ಕಡೆ ಓಡಿದಳು. ಆರೇಲಿಯಾ ಗಟ್ಟಿಗಿತ್ತಿ. ಪೂಜೆ ನಿಲ್ಲಿಸಿ, ದೇವರ ವಸ್ತುಗಳನ್ನು ಮುಚ್ಚಿ, ಬಾಗಿಲು ಹಾಕಿಸಿ, ಪಂಜು ಹಿಡಿದು ಮನೆಯೆಲ್ಲ ಹುಡುಕಿಸಿ ಅವನನ್ನು ಹಿಡಿದು ಹೊರಗೆ ಅಟ್ಟಿಸಿದಳು. ಹೆಂಗಸರೆಲ್ಲ ಆ ರಾತ್ರಿಯೇ ಮನೆಗೆ ಹೋಗಿ ಗಂಡಂದಿರಿಗೆ ಹೇಳಿದರು. ಬೆಳಗಾಗುವುದರೊಳಗೆ ಊರೆಲ್ಲ ಗೊತ್ತು.

ಸೀಸರ್ ಹೆಂಡತಿಯನ್ನು ಬಿಟ್ಟ. ಮುಂದಿನ ವರ್ಷ ವಿಚಾರಣೆಯಲ್ಲಿ, ಏನು ನಡೆಯಿತೋ ನನಗೆ ಗೊತ್ತಿಲ್ಲ ಅಂದ. ಮತ್ತೆ ಬಿಟ್ಟದ್ದೇಕೆ ಅಂದಾಗ ಬಂದ ಉತ್ತರ ಈ ಮಾತು. ಗಮನಿಸಿ, ಕ್ಲೋಡಿಯಸ್ ವಿರುದ್ಧ ಸೀಸರ್ ಒಂದಕ್ಷರ ಹೇಳಲಿಲ್ಲ. ಕ್ಲೋಡಿಯಸ್‌ಗೆ ಬೀದಿಯಲ್ಲಿ ಭಾರಿ ಜನಬೆಂಬಲ ಇತ್ತು, ಅವನು ಮುಂದೆ ಬೇಕಾಗುವ ಆಸಾಮಿ. ಆದರೆ ಅವನ ತಾಯಿ ಆರೇಲಿಯಾ ಸಾಕ್ಷಿ ಹೇಳಿದಳು. ಜ್ಯೂರಿಗೆ ಲಂಚ ಹೋಯಿತು, 31–25ರಲ್ಲಿ ಕ್ಲೋಡಿಯಸ್ ಪಾರಾದ. ಕಾವಲು ಬೇಕು ಅಂತ ಜ್ಯೂರಿಯವರು ಮೊದಲೇ ಕೇಳಿಕೊಂಡಿದ್ದರು. "ಸಿಕ್ಕಿದ ದುಡ್ಡು ಯಾರಾದರೂ ಕಿತ್ತುಕೊಂಡಾರು ಅಂತ ಕಾವಲು ಕೇಳಿದಿರಾ?" ಅಂತ ಹಿರಿಯ ಸೆನೆಟರ್ ಕ್ಯಾಟುಲಸ್ ಕೇಳಿದನಂತೆ.

ವೇಷ ಹಾಕಿ ನುಗ್ಗಿದವನಿಗೆ ಏನೂ ಆಗಲಿಲ್ಲ, ತಪ್ಪು ಸಾಬೀತಾಗದ ಪಾಂಪೇಯಾ ಮಾತ್ರ ಮನೆಯಿಂದ ಹೊರಗೆ.

ಸೀಸರ್ ತಾನೇ ಸರಿ ಇರಲಿಲ್ಲ ಅಲ್ವಾ?

ಅಯ್ಯೋ, ಕ್ರಿ.ಪೂ. 46ರ ಅವನ ವಿಜಯೋತ್ಸವದಲ್ಲಿ ಅವನ ಸೈನಿಕರೇ ಬೀದಿಯಲ್ಲಿ ಹಾಡಿಕೊಂಡು ಹೋದರು: ಊರ ಜನರೇ, ಹೆಂಡತಿಯರನ್ನು ಒಳಗೆ ಹಾಕಿಕೊಳ್ಳಿ, ಬೋಳುತಲೆಯ ಮಿಂಡನನ್ನು ಕರೆತಂದಿದ್ದೇವೆ ಅಂತ. ಅವನಿಗೆ ಅದು ಅವಮಾನವೇ ಆಗಲಿಲ್ಲ. ಗಂಡಸು ಗುಲಾಮಳ ಹತ್ತಿರ, ಸೂಳೆಯ ಹತ್ತಿರ ಹೋದರೆ ಅದು ಹಾದರದ ಲೆಕ್ಕಕ್ಕೇ ಬರುತ್ತಿರಲಿಲ್ಲ. ಇನ್ನೊಬ್ಬ ಮರ್ಯಾದಸ್ಥನ ಹೆಂಡತಿಯನ್ನು ಮುಟ್ಟಿದರೆ ಮಾತ್ರ ತಪ್ಪು.

ಕ್ಲೋಡಿಯಾ ನಿಜವಾಗಿಯೂ ಅಷ್ಟು ಕೆಟ್ಟವಳಾ?

ಅವಳ ಬಗ್ಗೆ ನಾವು ಓದುವುದರಲ್ಲಿ ಹೆಚ್ಚಿನದು ಒಂದೇ ಭಾಷಣದಿಂದ ಬಂದದ್ದು. ಅದನ್ನು ಮಾಡಿದವನು ಸಿಸೆರೊ, ಅವಳ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಇದೇ ಕ್ಲೋಡಿಯಸ್‌ನ ಬದ್ಧವೈರಿ. ಬೋನಾ ಡಿಯಾ ಕೇಸಿನಲ್ಲಿ ಕ್ಲೋಡಿಯಸ್ ನಾನು ಊರಲ್ಲೇ ಇರಲಿಲ್ಲ ಅಂದಾಗ, ಸುಳ್ಳು, ಅದೇ ದಿನ ನನ್ನ ಮನೆಗೆ ಬಂದಿದ್ದ ಅಂತ ಸಾಕ್ಷಿ ಹೇಳಿದವನು ಸಿಸೆರೊ. ಸೇಡಿಗೆ ಕ್ಲೋಡಿಯಸ್ ಕ್ರಿ.ಪೂ. 58ರಲ್ಲಿ ಸಿಸೆರೊನನ್ನು ದೇಶ ಬಿಡಿಸಿ, ಮನೆ ಕೆಡವಿಸಿದ. ಇಷ್ಟು ತಿಳಿದುಕೊಂಡು ಆ ಭಾಷಣ ಓದಬೇಕು.

ಕ್ರಿ.ಪೂ. 56ರ ಏಪ್ರಿಲ್. ಕೇಲಿಯಸ್ ಅನ್ನುವ ಯುವಕನ ಮೇಲೆ ಗಲಭೆ, ಕೊಲೆ ಸಂಚಿನ ಆರೋಪ. ಕ್ಲೋಡಿಯಾ ಸಾಕ್ಷಿ. ನನ್ನಿಂದ ಚಿನ್ನ ಸಾಲ ತಗೊಂಡ, ನನಗೇ ವಿಷ ಹಾಕಲು ನೋಡಿದ ಅಂತ ಅವಳ ದೂರು. ಸಿಸೆರೊ ಕೇಲಿಯಸ್ ಪರ ವಕೀಲ. ಅವನು ಆರೋಪದ ತಂಟೆಗೇ ಹೆಚ್ಚು ಹೋಗಲಿಲ್ಲ, ಸಾಕ್ಷಿಯ ನಡತೆಯನ್ನು ಹಿಡಿದುಕೊಂಡ. "ಆ ಹೆಂಗಸಿನ ಗಂಡನ ಜೊತೆ ನನಗೆ ವೈರ ಇಲ್ಲದಿದ್ದರೆ... ಅಲ್ಲಲ್ಲ, ಅಣ್ಣ ಅನ್ನಬೇಕಿತ್ತು, ಯಾವಾಗಲೂ ಇದೇ ತಪ್ಪಾಗುತ್ತದೆ" ಅಂದ. ಒಡಹುಟ್ಟಿದವನ ಜೊತೆಗೇ ಸಂಬಂಧ ಕಟ್ಟಿಬಿಟ್ಟ, ಬಾಯಿ ಜಾರಿದಂತೆ ನಟಿಸಿ! ಆಮೇಲೆ ಅವಳ ಪೂರ್ವಜ ಅಪ್ಪಿಯಸ್ ಕ್ಲಾಡಿಯಸ್‌ನನ್ನು ಸತ್ತವರ ಲೋಕದಿಂದ ಕರೆತಂದು ಬೈಸಿದ. ಈ ಅಪ್ಪಿಯಸ್ ರೋಮ್‌ಗೆ ಮೊದಲ ಕಾಲುವೆ ನೀರು ತಂದವನು, ಅಪ್ಪಿಯನ್ ರಸ್ತೆ ಹಾಕಿಸಿದವನು. ನಾನು ನೀರು ತಂದದ್ದು ನಿನ್ನ ಕೊಳಕು ತೊಳೆದುಕೊಳ್ಳಲಿಕ್ಕಾ, ರಸ್ತೆ ಹಾಕಿಸಿದ್ದು ಪರಗಂಡಸರ ಜೊತೆ ನೀನು ಮೆರೆಯಲಿಕ್ಕಾ ಅಂತ ಆ ತಾತ ಕೇಳುತ್ತಾನೆ. ಕೋರ್ಟಿನಲ್ಲಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿರಬೇಕು. ಮೂರು ವರ್ಷದ ಹಿಂದೆ ತೀರಿಹೋದ ಅವಳ ಗಂಡ ಮೆಟೆಲ್ಲಸ್‌ಗೆ ಅವಳೇ ವಿಷ ಹಾಕಿದಳು ಅನ್ನುವ ಗಾಳಿಸುದ್ದಿಯನ್ನೂ ನಡುವೆ ತೇಲಿಬಿಟ್ಟ.

ಕೇಲಿಯಸ್ ಬಿಡುಗಡೆಯಾದ. ಕ್ಲೋಡಿಯಾಗೆ ಪ್ರೇಮಿಗಳು ಇದ್ದರಾ? ಇದ್ದಿರಬಹುದು. ಕವಿ ಕ್ಯಾಟುಲ್ಲಸ್ ಲೆಸ್ಬಿಯಾ ಅಂತ ಕರೆದು ಪ್ರೀತಿಸಿ, ಆಮೇಲೆ ಶಪಿಸಿದ ಹೆಂಗಸು ಇವಳೇ ಅಂತ ಹೆಚ್ಚಿನ ವಿದ್ವಾಂಸರು ನಂಬುತ್ತಾರೆ. ಆದರೆ ಈ ಕೇಸಿನ ನಂತರ ಅವಳು ಹಾಳಾಗಿ ಹೋದಳು ಅನ್ನುವುದು ಬರೀ ಕಲ್ಪನೆ. 11 ವರ್ಷದ ನಂತರ ಸಿಸೆರೊ ತೋಟ ಹುಡುಕುತ್ತಾ ಕ್ಲೋಡಿಯಾಳ ತೋಟದ ಬಗ್ಗೆ ವಿಚಾರಿಸುತ್ತಾನೆ. ಅವಳು ಮಾರಲಿಕ್ಕಿಲ್ಲ, ಆ ಜಾಗ ಅವಳಿಗೆ ಇಷ್ಟ, ದುಡ್ಡಿಗೂ ಕೊರತೆ ಇಲ್ಲ ಅಂತ ಅವನೇ ಬರೆಯುತ್ತಾನೆ. ಕೋರ್ಟಿನಲ್ಲಿ ಹಾಗೆಲ್ಲ ಅಂದವನು, ಆಮೇಲೆ ಅವಳ ತೋಟಕ್ಕೆ ಗಿರಾಕಿ!

ಇಂಥ ಗುಲ್ಲಿನಿಂದ ಎಲ್ಲರ ಬದುಕೂ ಹಾಳಾಗುತ್ತಿತ್ತಾ?

ಇಲ್ಲ. ಸರ್ವೀಲಿಯಾಳನ್ನು ನೋಡಿ. ಕೇಟೊನ ಅಕ್ಕ, ತಾಯಿ ಒಬ್ಬಳೇ, ಅಪ್ಪ ಬೇರೆ. ಮುಂದೆ ಸೀಸರನನ್ನು ಕೊಂದವರಲ್ಲಿ ಒಬ್ಬನಾದ ಬ್ರೂಟಸ್‌ನ ತಾಯಿ. ಸೀಸರನ ಪ್ರೇಯಸಿ ಅಂತ ಊರಿಗೇ ಗೊತ್ತು. ಕ್ರಿ.ಪೂ. 63ರಲ್ಲಿ ಸೆನೆಟ್‌ನಲ್ಲಿ ದೇಶದ್ರೋಹದ ಸಂಚಿನ ಚರ್ಚೆ ಬಿಸಿಯಾಗಿದ್ದಾಗ ಸೀಸರ್‌ಗೆ ಯಾರೋ ಒಂದು ಚೀಟಿ ತಂದುಕೊಟ್ಟರು. ಶತ್ರುಗಳ ಚೀಟಿ, ಗಟ್ಟಿಯಾಗಿ ಓದು ಅಂತ ಕೇಟೊ ಹಟ ಹಿಡಿದ. ಸೀಸರ್ ಸುಮ್ನೆ ಅವನ ಕೈಗೇ ಕೊಟ್ಟ. ನೋಡಿದರೆ ತನ್ನ ಅಕ್ಕ ಬರೆದ ಪ್ರೇಮಪತ್ರ! "ತಗೋ, ಕುಡುಕ" ಅಂತ ಕೇಟೊ ಅದನ್ನು ವಾಪಸ್ ಎಸೆದು ಭಾಷಣ ಮುಂದುವರಿಸಿದ.

ಸೀಸರ್ ಅವಳಿಗೆ 60 ಲಕ್ಷ ಸೆಸ್ಟರ್ಸ್ ಬೆಲೆಯ ಮುತ್ತು ಕೊಟ್ಟಿದ್ದನಂತೆ. ಅವನೇ ಸಂಬಳ ಎರಡು ಪಟ್ಟು ಮಾಡಿದ ಮೇಲೂ ಒಬ್ಬ ಸೈನಿಕನಿಗೆ ವರ್ಷಕ್ಕೆ ಸಿಗುತ್ತಿದ್ದದ್ದು 900. ಇಷ್ಟಾದರೂ ಸರ್ವೀಲಿಯಾಳ ಮಾತಿಗೆ ಬೆಲೆ ಕಡಿಮೆಯಾಗಲಿಲ್ಲ. ಸೀಸರನ ಕೊಲೆಯಾದ ಕೆಲವೇ ತಿಂಗಳಲ್ಲಿ ಬ್ರೂಟಸ್, ಕ್ಯಾಸಿಯಸ್, ಸಿಸೆರೊ ಸೇರಿದ್ದ ಸಭೆಯಲ್ಲಿ ಕೂತು, ಬ್ರೂಟಸ್, ಕ್ಯಾಸಿಯಸ್ ಇಬ್ಬರನ್ನೂ ಧಾನ್ಯ ತರಿಸುವ ಕೆಲಸಕ್ಕೆ ಹಾಕಿದ್ದ ಸೆನೆಟ್‌ನ ಆದೇಶವನ್ನು ನಾನು ತೆಗೆಸುತ್ತೇನೆ ಅಂತ ಹೇಳಿದವಳು ಅವಳು. ಸಿಸೆರೊನ ಪತ್ರದಲ್ಲೇ ಇದೆ. ಅವಳ ಮೇಲೆ ಕೇಸು ಹಾಕಿ ಯಾರಿಗೂ ಲಾಭ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಹಾದರ ಕಾನೂನಿನ ಪ್ರಕಾರ ಅಪರಾಧ ಆದದ್ದು ಯಾವಾಗ?

ಕ್ರಿ.ಪೂ. 18ರ ಸುಮಾರಿಗೆ, ಅಗಸ್ಟಸ್ ಕಾಲದಲ್ಲಿ. ಅಲ್ಲಿಯವರೆಗೆ ಅದು ಮನೆಯೊಳಗಿನ ವಿಷಯ. ಅಪ್ಪ, ಗಂಡ, ನೆಂಟರು ಕೂತು ತೀರ್ಮಾನ ಮಾಡುತ್ತಿದ್ದರು. ಅಗಸ್ಟಸ್ ಅದನ್ನು ಕೋರ್ಟಿಗೆ ಎಳೆದ. ಹೆಂಡತಿ ತಪ್ಪಿದಳು ಅಂತ ಗೊತ್ತಾದ ಮೇಲೆ ಗಂಡ ಅವಳನ್ನು ಬಿಡಲೇಬೇಕು, 60 ದಿನದೊಳಗೆ ಕೇಸು ಹಾಕಬೇಕು. ಕ್ಷಮಿಸಿ ಇಟ್ಟುಕೊಂಡರೆ ಅವನನ್ನೇ ತಲೆಹಿಡುಕ ಅಂತ ಕೇಸು ಹಾಕಬಹುದು! 60 ದಿನ ಕಳೆದರೆ ಯಾರು ಬೇಕಾದರೂ ದೂರು ಕೊಡಬಹುದು. ಶಿಕ್ಷೆ ಏನೆಂದರೆ ಹೆಂಗಸಿಗೆ ಅರ್ಧ ವರದಕ್ಷಿಣೆ, ಮೂರನೇ ಒಂದು ಪಾಲು ಆಸ್ತಿ ಹೋಗುತ್ತದೆ, ದ್ವೀಪಕ್ಕೆ ಗಡೀಪಾರು. ಗಂಡಸಿಗೆ ಅರ್ಧ ಆಸ್ತಿ ಹೋಗುತ್ತದೆ, ಬೇರೆ ದ್ವೀಪ. ಗಂಡ ಹೊರಗೆ ಸಂಬಂಧ ಇಟ್ಟುಕೊಂಡರೆ ಹೆಂಡತಿ ಈ ಕೇಸು ಹಾಕುವಂತಿಲ್ಲ.

ಮನೆಯ ಗುಲಾಮರನ್ನು ಹಿಂಸಿಸಿ ಸಾಕ್ಷಿ ಹೇಳಿಸುತ್ತಿದ್ದರು. ಯಜಮಾನಿಯ ಮಾನ ಅವಳ ತಲೆ ಬಾಚುವ ಹುಡುಗಿಯ ಮೈಮೇಲಿನ ಏಟಿನಲ್ಲಿ ತೀರ್ಮಾನವಾಗುತ್ತಿತ್ತು.

ಅಗಸ್ಟಸ್ ಇದರ ಜೊತೆಗೇ ಮದುವೆಯಾಗದವರಿಗೆ, ಮಕ್ಕಳಾಗದವರಿಗೆ ಉಯಿಲಿನ ಆಸ್ತಿಗೆ ಅಡ್ಡಿ ಹಾಕಿದ. ಮೂರು ಮಕ್ಕಳ ತಾಯಿಗೆ ಪೋಷಕನ ಹಂಗಿಲ್ಲದೆ ಆಸ್ತಿ ನಡೆಸುವ ಹಕ್ಕು ಕೊಟ್ಟ. ಕ್ರಿ.ಶ. 9ರಲ್ಲಿ ಇದನ್ನು ತಿದ್ದಿ ಮತ್ತೊಂದು ಕಾನೂನು ತಂದ ಇಬ್ಬರು ಕಾನ್ಸಲ್‌ಗಳಿಗೂ (ರೋಮ್‌ನ ಅತಿ ದೊಡ್ಡ ಅಧಿಕಾರಿಗಳು) ಮದುವೆ ಆಗಿರಲಿಲ್ಲ ಅನ್ನುವುದು ಹಳೆಯ ತಮಾಷೆ. ನಿಜವೂ ಹೌದು.

ಇದರಿಂದ ತಪ್ಪಿಸಿಕೊಂಡವರು ಇದ್ದಾರಾ?

ಪ್ರಯತ್ನಪಟ್ಟವಳು ಒಬ್ಬಳಿದ್ದಾಳೆ, ವಿಸ್ಟೀಲಿಯಾ. ಸೂಳೆಯರಿಗೆ ಈ ಕಾನೂನು ತಗಲುತ್ತಿರಲಿಲ್ಲ, ಅವರು ಊರಿನ ಅಧಿಕಾರಿಗಳ ಹತ್ತಿರ ಹೆಸರು ಬರೆಸಬೇಕಿತ್ತು. ಒಳ್ಳೆಯ ಮನೆತನದ ವಿಸ್ಟೀಲಿಯಾ ನೇರವಾಗಿ ಹೋಗಿ ತನ್ನ ಹೆಸರು ಬರೆಸಿಬಿಟ್ಟಳು. ಕ್ರಿ.ಶ. 19ರಲ್ಲಿ ಇದು ಸೆನೆಟ್‌ವರೆಗೆ ಹೋಯಿತು. ಗಂಡ ಟಿಟಿಡಿಯಸ್ ಲೇಬಿಯೊನನ್ನು, ನೀನೇಕೆ ಕೇಸು ಹಾಕಲಿಲ್ಲ ಅಂತ ಕೇಳಿದರು. 60 ದಿನ ಇನ್ನೂ ಮುಗಿದಿಲ್ಲವಲ್ಲ, ಯೋಚನೆ ಮಾಡುತ್ತಿದ್ದೇನೆ ಅಂದ! ಅವನನ್ನು ಬಿಟ್ಟರು. ಅವಳನ್ನು ಸೆರಿಫಾಸ್ ದ್ವೀಪಕ್ಕೆ ಕಳಿಸಿದರು. ಅಜ್ಜ, ಅಪ್ಪ, ಗಂಡ ಇವರಲ್ಲಿ ಯಾರಾದರೂ ಕುದುರೆ ದರ್ಜೆಯ (ಸೆನೆಟರ್‌ಗಳಿಗಿಂತ ಒಂದು ಮೆಟ್ಟಿಲು ಕೆಳಗಿನ) ಗಣ್ಯರಾಗಿದ್ದರೆ ಅಂಥ ಹೆಂಗಸು ಹಾಗೆ ಹೆಸರು ಬರೆಸುವ ಹಾಗಿಲ್ಲ ಅಂತ ಹೊಸ ನಿಯಮವೂ ಬಂತು.

ಅಗಸ್ಟಸ್ ತನ್ನ ಮಗಳನ್ನೇ ಗಡೀಪಾರು ಮಾಡಿದನಂತೆ?

ಹೌದು. ಜೂಲಿಯಾ ಹುಟ್ಟಿದ ದಿನವೇ ಅಪ್ಪ ಅವಳ ತಾಯಿ ಸ್ಕ್ರಿಬೋನಿಯಾಗೆ ವಿಚ್ಛೇದನ ಕೊಟ್ಟಿದ್ದ. ಮುಂದೆ ಅವಳಿಗೆ ಮೂರು ಮದುವೆ, ಮೂರೂ ಅಪ್ಪನ ಲೆಕ್ಕಾಚಾರ. ಮೊದಲು ಸೋದರತ್ತೆಯ ಮಗ ಮಾರ್ಸೆಲಸ್, ಅವನು ಸತ್ತ. ಆಮೇಲೆ ಅಪ್ಪನ ವಯಸ್ಸಿನ ದಂಡನಾಯಕ ಅಗ್ರಿಪ್ಪ, ಐದು ಮಕ್ಕಳು. ಅವನೂ ಸತ್ತ ಮೇಲೆ ಮಲತಾಯಿಯ ಮಗ ಟೈಬೀರಿಯಸ್. ಅವನಿಗೆ ಇಷ್ಟದ ಹೆಂಡತಿ ಇದ್ದಳು, ಅವಳನ್ನು ಬಿಡಿಸಿ ಇವಳನ್ನು ಗಂಟುಹಾಕಿದರು. ಸರಿಹೋಗಲಿಲ್ಲ. ಅವನು ರೋಡ್ಸ್ ದ್ವೀಪಕ್ಕೆ ಹೋಗಿ ಕೂತ.

ಜೂಲಿಯಾ ಮಾತುಗಾರ್ತಿ, ಜನಪ್ರಿಯಳು. ಮಕ್ಕಳೆಲ್ಲ ಅಗ್ರಿಪ್ಪನ ಹಾಗೇ ಇದ್ದಾರಲ್ಲ ಅಂತ ಯಾರೋ ಕೇಳಿದ್ದಕ್ಕೆ, ಹಡಗು ತುಂಬಿದ ಮೇಲೇ ನಾನು ಬೇರೆ ಪ್ರಯಾಣಿಕರನ್ನು ಹತ್ತಿಸುವುದು ಅಂದಳಂತೆ. ಇದು ಎಷ್ಟೋ ಕಾಲದ ನಂತರ ಬರೆದಿಟ್ಟ ಜೋಕು, ಅವಳೇ ಹೇಳಿದ್ದೋ ಅವಳ ಹೆಸರಿಗೆ ಕಟ್ಟಿದ್ದೋ, ಜೋಕು ಮಾತ್ರ ಬದುಕಿದೆ.

ಕ್ರಿ.ಪೂ. 2ರಲ್ಲಿ ಅಗಸ್ಟಸ್‌ಗೆ ದೇಶಪಿತ ಅನ್ನುವ ಬಿರುದು ಬಂತು. ಅದೇ ವರ್ಷ ಮಗಳ ಹಗರಣ ಒಡೆಯಿತು. ಅವನು ಸೆನೆಟ್‌ಗೆ ಮುಖ ತೋರಿಸಲಿಲ್ಲ, ಪತ್ರ ಬರೆದು ಓದಿಸಿದ. ಟೈಬೀರಿಯಸ್‌ನ ಹೆಸರಿನಲ್ಲಿ ವಿಚ್ಛೇದನವನ್ನೂ ತಾನೇ ಕಳಿಸಿದ. ಪ್ರೇಮಿಗಳ ಪಟ್ಟಿಯಲ್ಲಿ ಮೊದಲ ಹೆಸರು ಯೂಲಸ್ ಆಂಟೋನಿಯಸ್, ಅಗಸ್ಟಸ್‌ನ ಹಳೆಯ ಶತ್ರು ಮಾರ್ಕ್ ಆಂಟನಿಯ ಮಗ. ಅವನು ಪ್ರಾಣ ಕಳೆದುಕೊಂಡ, ಉಳಿದವರು ಗಡೀಪಾರು. ಬರೀ ಪ್ರೇಮಪ್ರಕರಣಕ್ಕೆ ಇಷ್ಟಾಗುತ್ತದಾ, ಅಧಿಕಾರದ ಸಂಚೇ ಇತ್ತು ಅಂತ ಹಲವು ಇತಿಹಾಸಕಾರರ ಅನುಮಾನ. ನನಗೂ ಹಾಗೇ ಕಾಣುತ್ತದೆ. ಸಂಚು ಅಂದರೆ ಆಳ್ವಿಕೆಗೆ ಬಿರುಕು ಬಂದಿದೆ ಅಂತ ಒಪ್ಪಿಕೊಂಡ ಹಾಗೆ. ಮಗಳು ಕೆಟ್ಟವಳು ಅಂದರೆ ಅಲ್ಲಿಗೆ ಮುಗಿಯಿತು.

ಅವಳನ್ನು ಪಂಡಟೇರಿಯಾ ದ್ವೀಪಕ್ಕೆ ಕಳಿಸಿದರು. ಉದ್ದ ಸುಮಾರು 3 ಕಿಲೋಮೀಟರ್, ಅಷ್ಟೇ. ವೈನ್ ಇಲ್ಲ. ಯಾವ ಗಂಡಸೂ ಅಪ್ಪನ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ, ಬರುವವನ ವಯಸ್ಸು, ಎತ್ತರ, ಮೈಬಣ್ಣ, ಮೈಮೇಲಿನ ಗುರುತು ಎಲ್ಲ ಮೊದಲೇ ಅಪ್ಪನಿಗೆ ತಿಳಿಸಬೇಕು. ತಾಯಿ ಸ್ಕ್ರಿಬೋನಿಯಾ ತಾನಾಗಿಯೇ ಮಗಳ ಜೊತೆ ಹೋದಳು. ಜನ ಬಂದು ಅವಳನ್ನು ಕರೆಸಿ ಅಂತ ಕೇಳಿಕೊಂಡರು. ಬೆಂಕಿ ನೀರು ಒಂದಾದಾಗ ನೋಡೋಣ ಅಂದ ಅಗಸ್ಟಸ್. ಜನ ಉರಿಯುವ ಪಂಜುಗಳನ್ನು ತಂದು ಟೈಬರ್ ನದಿಗೆ ಎಸೆದರು! ಐದು ವರ್ಷದ ನಂತರ ರೀಜಿಯಮ್ ಊರಿಗೆ ಬದಲಾಯಿಸಿದ, ರೋಮ್‌ಗೆ ಮಾತ್ರ ಬಿಡಲಿಲ್ಲ. ಕ್ರಿ.ಶ. 14ರಲ್ಲಿ, ಅಪ್ಪ ಸತ್ತ ವರ್ಷವೇ ಅವಳೂ ಸತ್ತಳು. ಅವಳ ಮಗಳು ಇನ್ನೊಬ್ಬ ಜೂಲಿಯಾಳನ್ನೂ ಕ್ರಿ.ಶ. 8ರಲ್ಲಿ ಹಾದರದ ಆರೋಪದಲ್ಲೇ ಬೇರೆ ದ್ವೀಪಕ್ಕೆ ಹಾಕಿದ್ದ. ಮುಂದೆ ಚಕ್ರವರ್ತಿ ನೀರೋ ತನ್ನ ಹೆಂಡತಿ ಆಕ್ಟೇವಿಯಾ ಮೇಲೆ ಸುಳ್ಳು ಆರೋಪ ಹೊರಿಸಿ ಕಳಿಸಿ ಕೊಲ್ಲಿಸಿದ್ದೂ ಪಂಡಟೇರಿಯಾದಲ್ಲೇ.

ಅದೇ ಅಗಸ್ಟಸ್‌ನ ಹೆಂಡತಿ ಲಿವಿಯಾಗೆ ಒಳ್ಳೆಯ ಹೆಸರು ಹೇಗೆ ಉಳಿಯಿತು?

ಶುರುವಾದದ್ದು ಹಗರಣದಲ್ಲೇ. ಕ್ರಿ.ಪೂ. 38ರ ಜನವರಿಯಲ್ಲಿ ಮದುವೆಯಾದಾಗ ಅವಳು ಹಿಂದಿನ ಗಂಡನಿಂದ ತುಂಬು ಗರ್ಭಿಣಿ, ಆರು ತಿಂಗಳು. ಆ ಹಳೆಯ ಗಂಡನೇ ಅಪ್ಪನ ಸ್ಥಾನದಲ್ಲಿ ನಿಂತು ಧಾರೆ ಎರೆದುಕೊಟ್ಟ ಅನ್ನಬಹುದು. ಮದುವೆಯ ಊಟದಲ್ಲಿ ಮನೆಯ ಚಿಕ್ಕ ಹುಡುಗನೊಬ್ಬ, ಅಮ್ಮಾವ್ರೇ ಇಲ್ಲೇನು ಮಾಡುತ್ತಿದ್ದೀರಿ, ನಿಮ್ಮ ಯಜಮಾನರು ಅಲ್ಲಿದ್ದಾರಲ್ಲ ಅಂತ ತೋರಿಸಿದನಂತೆ. ಅದೃಷ್ಟವಂತರಿಗೆ ಮೂರೇ ತಿಂಗಳಿಗೆ ಮಗು ಅಂತ ಊರಲ್ಲಿ ನಗೆಮಾತು. ಆದರೆ ಗಂಡ ಗೆದ್ದ, ಚಕ್ರವರ್ತಿಯಾದ. 50 ವರ್ಷ ಜೊತೆಗಿದ್ದಳು. ಪ್ರತಿಮೆಗಳಲ್ಲಿ ಅವಳೇ ಆದರ್ಶ ಗೃಹಿಣಿ. ಆಡಿಕೊಳ್ಳುವ ಬಾಯಿಗಳು ಅವಳ ಮುಂದೆ ಕೈಕಟ್ಟಿ ನಿಂತವು. ವಿಷದ ಕಥೆಗಳು ಅವಳ ಬೆನ್ನ ಹಿಂದೆ ಹುಟ್ಟಿದವು, ಒಂದಕ್ಕೂ ಪುರಾವೆ ಇಲ್ಲ.

ಮೆಸ್ಸಲೀನಾ ರಾತ್ರಿ ಸೂಳೆಗೇರಿಗೆ ಹೋಗುತ್ತಿದ್ದಳು ಅನ್ನುವುದು ನಿಜವಾ?

ಅದು ಅವಳು ಸತ್ತು ಅರ್ಧ ಶತಮಾನಕ್ಕೂ ಹೆಚ್ಚು ಕಳೆದ ಮೇಲೆ ಒಬ್ಬ ವಿಡಂಬನೆಯ ಕವಿ ಬರೆದದ್ದು. ಬೈಯುವುದೇ ಅವನ ಕಸುಬು. ನಂಬುವುದು ಬಿಡುವುದು ನಿಮ್ಮಿಷ್ಟ, ನಾನಂತೂ ನಂಬುವುದಿಲ್ಲ.

ಸ್ವಲ್ಪ ಗಟ್ಟಿ ನೆಲದ ಮೇಲಿರುವುದು ಕ್ರಿ.ಶ. 48ರ ಘಟನೆ. ಚಕ್ರವರ್ತಿ ಕ್ಲಾಡಿಯಸ್ ರೋಮ್‌ನ ಬಂದರು ಆಸ್ಟಿಯಾದಲ್ಲಿದ್ದಾಗ ಅವನ ಹೆಂಡತಿ ಮೆಸ್ಸಲೀನಾ ಗೈಯಸ್ ಸೀಲಿಯಸ್ ಅನ್ನುವವನ ಜೊತೆ ಸಾಕ್ಷಿಗಳ ಮುಂದೆ ಮದುವೆಯ ಶಾಸ್ತ್ರ ಮಾಡಿಕೊಂಡಳು. ಇದು ಕಟ್ಟುಕಥೆಯ ಹಾಗೆ ಕಾಣುತ್ತದೆ ಅಂತ ಬರೆದ ಇತಿಹಾಸಕಾರ ಟ್ಯಾಸಿಟಸ್‌ಗೇ ಅಳುಕು. ಸುದ್ದಿ ಒಡೆದಾಗ ಜೊತೆಗಿದ್ದವರೆಲ್ಲ ಚೆಲ್ಲಾಪಿಲ್ಲಿ. ಮೂರೇ ಜನರ ಜೊತೆ ಅವಳು ಇಡೀ ಊರನ್ನು ಕಾಲ್ನಡಿಗೆಯಲ್ಲಿ ದಾಟಿ, ತೋಟದ ಕಸ ಸಾಗಿಸುವ ಗಾಡಿ ಹತ್ತಿ ಗಂಡನನ್ನು ಎದುರುಗೊಳ್ಳಲು ಹೊರಟಳು. ಮಾತಾಡಲು ಬಿಡಲಿಲ್ಲ. ಲುಕಲಸ್‌ನ ತೋಟದಲ್ಲಿ ತಾಯಿಯ ಕಣ್ಣೆದುರೇ ಸೈನಿಕರು ಕೊಂದರು. ಊಟಕ್ಕೆ ಕೂತಿದ್ದ ಕ್ಲಾಡಿಯಸ್‌ಗೆ ಸುದ್ದಿ ಹೇಳಿದಾಗ ಇನ್ನೊಂದು ಲೋಟ ವೈನ್ ಕೇಳಿದ. ಹೆಸರನ್ನು, ಪ್ರತಿಮೆಗಳನ್ನು ಅಳಿಸಿಹಾಕಲು ಸೆನೆಟ್ ಆದೇಶಿಸಿತು. ಅವಳ ಪರವಾಗಿ ಒಂದು ಮಾತು ಉಳಿಯಲೂ ದಾರಿಯೇ ಇರಲಿಲ್ಲ.

ಹೆಂಗಸರು ತಾವೇ ಬರೆದದ್ದು ಏನೂ ಉಳಿದಿಲ್ಲವಾ?

ತುಂಬಾ ಕಡಿಮೆ. ಅಗಸ್ಟಸ್ ಕಾಲದ ಸುಲ್ಪೀಶಿಯಾ ಅನ್ನುವವಳ ಆರು ಪುಟ್ಟ ಕವಿತೆಗಳಿವೆ, ಎಲ್ಲ ಸೇರಿ 40 ಸಾಲು, ಬೇರೊಬ್ಬ ಕವಿಯ ಸಂಗ್ರಹದೊಳಗೆ ಸೇರಿಕೊಂಡು ಬದುಕಿದವು. ದೊಡ್ಡ ಮನೆಯ ಹುಡುಗಿ. ಪ್ರೀತಿ ಮಾಡಿದ್ದನ್ನು ಮುಚ್ಚಿಡುವುದೇ ನನಗೆ ನಾಚಿಕೆ, ತಪ್ಪು ಮಾಡಿದ್ದು ಖುಷಿಯೇ, ಜನರ ಮಾತಿಗಾಗಿ ಮುಖವಾಡ ಹಾಕಿ ಸಾಕಾಗಿದೆ ಅನ್ನುತ್ತಾಳೆ. ಹಾದರದ ಕಾನೂನಿನ ಕಾಲದ ಆಸುಪಾಸಿನಲ್ಲಿ ಇದನ್ನು ಬರೆಯಲು ಧೈರ್ಯ ಬೇಕು.

ಕ್ಲಾಡಿಯಸ್ ಅಣ್ಣನ ಮಗಳನ್ನೇ ಮದುವೆಯಾದನಲ್ಲ, ಅದು ಹಗರಣ ಆಗಲಿಲ್ಲವಾ?

ನಮ್ಮ ಕಡೆಯವರು ಇದನ್ನು ತಪ್ಪದೆ ಕೇಳುತ್ತಾರೆ. ನಮ್ಮಲ್ಲಿ ಹಲವು ಸಮುದಾಯಗಳಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ರೂಢಿ, ಅಣ್ಣನ ಮಗಳು ಅಂದರೆ ಸ್ವಂತ ಮಗಳ ಲೆಕ್ಕ. ರೋಮನ್ನರಿಗೆ ಎರಡೂ ನಿಷಿದ್ಧ. ಕ್ಲಾಡಿಯಸ್‌ಗೆ ಅಗ್ರಿಪ್ಪಿನಾ ಬೇಕಾಗಿದ್ದಳು, ಅವಳು ಅವನ ಅಣ್ಣ ಜರ್ಮಾನಿಕಸ್‌ನ ಮಗಳು. ಹಾಗಾಗಿ ಕ್ರಿ.ಶ. 49ರಲ್ಲಿ ಸೆನೆಟ್ ಅಣ್ಣತಮ್ಮಂದಿರ ಮಗಳನ್ನು ಮದುವೆಯಾಗಬಹುದು ಅಂತ ತೀರ್ಮಾನಿಸಿತು. ಅಕ್ಕತಂಗಿಯರ ಮಗಳು ಮಾತ್ರ ಮೊದಲಿನಂತೆ ನಿಷಿದ್ಧ. ನಮ್ಮದಕ್ಕೆ ತಿರುಗಾಮುರುಗಾ. ಚಕ್ರವರ್ತಿಯೇ ದಾರಿ ತೋರಿಸಿದರೂ ಜನ ಹಿಂದೆ ಬರಲಿಲ್ಲ. ಬಿಡುಗಡೆಯಾದ ಒಬ್ಬ ಗುಲಾಮ, ಒಬ್ಬ ಸೇನಾಧಿಕಾರಿ, ಇಬ್ಬರೇ ಹಾಗೆ ಮದುವೆಯಾದರಂತೆ. ಆ ಸೇನಾಧಿಕಾರಿಯ ಮದುವೆಗೆ ಕ್ಲಾಡಿಯಸ್ ಅಗ್ರಿಪ್ಪಿನಾಳನ್ನು ಕರೆದುಕೊಂಡು ತಾನೇ ಹೋಗಿದ್ದ. ಕ್ರಿ.ಶ. 342ರಲ್ಲಿ ಈ ಬಗೆಯ ಮದುವೆಗೆ ಮರಣದಂಡನೆಯ ಕಾನೂನು ಬಂತು.